ಕಂಪನಿಗಲ್ಲ, ಕಟ್ಟುವವರಿಗೆ ಒಂದು ಪುಟ ಕೊಡಿ: ಕರ್ನಾಟಕ ರೇರಾಗೆ ಬಹಿರಂಗ ಪತ್ರ

ಅಧ್ಯಕ್ಷರು ಮತ್ತು ಸದಸ್ಯರಿಗೆ,
ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಬೆಂಗಳೂರು

ಮಾನ್ಯರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ನೋಂದಣಿಯಾದ ಪ್ರತಿ ಪ್ರಾಜೆಕ್ಟ್‌ಗೂ ನಿಮ್ಮ ಜಾಲತಾಣದಲ್ಲಿ ಒಂದು ಪುಟ ಇದೆ. ಅದೇ ಥರ ಪ್ರತಿ ಬಿಲ್ಡರ್‌ಗೂ ಒಂದು ಪುಟ ಬೇಕು. ಕಂಪನಿಗೆ ಅಲ್ಲ, ಕಂಪನಿಯ ಹಿಂದೆ ಇರುವ ಮನುಷ್ಯರಿಗೆ. ಮೊದಲ ಕಟ್ಟಡದಿಂದ ಇವತ್ತಿನವರೆಗೆ ಅವರು ಯಾವ ಯಾವ ಹೆಸರಿನಲ್ಲಿ ಏನೇನು ಕಟ್ಟಿದರು, ಹೇಳಿದ ತಿಂಗಳಿಗೆ ಕೀ ಕೊಟ್ಟರಾ, ಒಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ) ತಂದರಾ, ಯಾರಿಗಾದರೂ ದುಡ್ಡು ವಾಪಸ್ ಕೊಡುವುದು ಬಾಕಿ ಇದೆಯಾ. ಇಷ್ಟೇ ಕೇಳುತ್ತಿರುವುದು.

ನಾನು ವಕೀಲನಲ್ಲ. ಬೆಂಗಳೂರಿನ ಪೂರ್ವ ಭಾಗದ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಮಾಲೀಕರ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಹಾಗಾಗಿ ನೆಂಟರು, ಆಫೀಸಿನವರು ಫ್ಲಾಟ್ ಬುಕ್ ಮಾಡುವ ಮುಂಚೆ ಪೇಪರ್ ತಂದು ತೋರಿಸುತ್ತಾರೆ. ಇಸಿ (ಋಣಭಾರ ಪತ್ರ) ತೆಗೆಸಿದರೆ ಆ ಜಮೀನು ಮೂವತ್ತು ವರ್ಷದಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಬ್ಯಾಂಕಿಗೆ ಅಡ ಇತ್ತು, ಎಲ್ಲ ಸಾಲುಸಾಲಾಗಿ ಸಿಗುತ್ತದೆ. ಮಣ್ಣಿಗೆ ಇಷ್ಟು ಇತಿಹಾಸ ಇದೆ. ಅದರ ಮೇಲೆ ಕಟ್ಟುವವರಿಗೆ ಮಾತ್ರ ಬ್ರೋಷರ್ ಇದೆ.

ಬಿಲ್ಡರ್ ಆಗುವುದಕ್ಕೆ ನಮ್ಮಲ್ಲಿ ಯಾವ ಪರೀಕ್ಷೆಯೂ ಇಲ್ಲ. ವೈರಿಂಗ್ ಮಾಡಿಸುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್‌ಗೆ ಲೈಸೆನ್ಸ್ ಬೇಕು. ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕಿಕೊಳ್ಳಬೇಕಾದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ಇರಬೇಕು. ಇಡೀ ಕಟ್ಟಡವನ್ನೇ ಮಾರುವವರಿಗೆ ಅಂಥದ್ದೇನೂ ಬೇಡ. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಈ ಊರಿನ ದೊಡ್ಡ ಹೆಸರುಗಳೂ ಬೇರೆ ಬೇರೆ ಕಸುಬಿನಿಂದಲೇ ಬಂದವು. ಪ್ರೆಸ್ಟೀಜ್‌ನ ಇರ್ಫಾನ್ ರಜಾಕ್ ಅವರ ಮನೆತನ ಬಟ್ಟೆ, ಹೊಲಿಗೆಯ ವ್ಯಾಪಾರದಲ್ಲಿತ್ತು. ಶೋಭಾದ ಪಿ.ಎನ್.ಸಿ. ಮೆನನ್ 1970ರ ದಶಕದಲ್ಲಿ ಒಮಾನ್‌ಗೆ ಹೋಗಿ ಇಂಟೀರಿಯರ್ ಕೆಲಸದಲ್ಲಿ ಹೆಸರು ಮಾಡಿ, 1995ರಲ್ಲಿ ಬೆಂಗಳೂರಿನಲ್ಲಿ ಕಂಪನಿ ಶುರು ಮಾಡಿದವರು. ಬ್ರಿಗೇಡ್‌ನ ಎಂ.ಆರ್. ಜೈಶಂಕರ್ ಚಿಕ್ಕಮಗಳೂರು ಕಡೆಯವರು, 1986ರಲ್ಲಿ ಆರಂಭಿಸಿದರು. ಕಲಿತ ಕಸುಬು ಯಾವುದಾದರೇನು, ಕಟ್ಟಿದ್ದು ಹೇಗಿದೆ ಅನ್ನುವುದು ಮುಖ್ಯ ಅಲ್ವಾ?

ನನ್ನ ಮಾತು ಇವರ ಬಗ್ಗೆ ಅಲ್ಲ. ಇವರ ಸುತ್ತ ಸಾವಿರಾರು ಸಂಖ್ಯೆಯಲ್ಲಿರುವ, ಬಡಾವಣೆಗೊಬ್ಬರಂತೆ ಸಿಗುವ ಬಿಲ್ಡರ್‌ಗಳ ಬಗ್ಗೆ. ಅವರು ಬೆಳೆಯುವ ದಾರಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ಮೊದಲು ಸೈಟ್ ಮಾರಿಸುವ ಏಜೆಂಟ್. ಇಲ್ಲವೇ ಸೆಂಟ್ರಿಂಗ್ ಕಂಟ್ರಾಕ್ಟರ್, ಹಾರ್ಡ್‌ವೇರ್ ಅಂಗಡಿ. ಕೈಯಲ್ಲಿ ಸ್ವಲ್ಪ ಕಾಸು, ಅದಕ್ಕಿಂತ ಜಾಸ್ತಿ ಪರಿಚಯ. ಯಾರೋ ಹಿರಿಯರ 60×80 ಸೈಟ್ ಖಾಲಿ ಬಿದ್ದಿರುತ್ತದೆ, ಮಕ್ಕಳು ಹೊರದೇಶದಲ್ಲಿ. ಜೆಡಿ (ಜಂಟಿ ಅಭಿವೃದ್ಧಿ) ಮಾತುಕತೆ ಆಗುತ್ತದೆ: ಜಾಗ ನಿಮ್ಮದು, ಕಟ್ಟುವ ಖರ್ಚು ನನ್ನದು, ಫ್ಲಾಟ್ ಇಬ್ಬರಿಗೂ ಪಾಲು. ಜಿಪಿಎ (ಅಧಿಕಾರ ಪತ್ರ) ಬರೆಸಿಕೊಂಡು ಗುದ್ದಲಿ ಪೂಜೆ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಅದರ ಮೇಲೆ ನಕ್ಷೆಯಲ್ಲಿ ಇಲ್ಲದ ಒಂದು ಪೆಂಟ್‌ಹೌಸ್. ಬುಕಿಂಗ್ ದುಡ್ಡಿನಲ್ಲೇ ಒಂದೊಂದು ಸ್ಲ್ಯಾಬ್ ಏಳುತ್ತದೆ. ನಕ್ಷೆ ಮೀರಿದ ಮೇಲೆ ಒಸಿ ಎಲ್ಲಿಂದ ಬರಬೇಕು? "ಈ ಏರಿಯಾದಲ್ಲಿ ಯಾರ ಹತ್ರ ಇದೆ ಸಾರ್ ಒಸಿ?" ಅನ್ನುವ ಒಂದೇ ಮಾತಿನಲ್ಲಿ ಎಲ್ಲ ಫ್ಲಾಟ್‌ಗಳೂ ಮಾರಿಹೋಗುತ್ತವೆ.

ಇಲ್ಲೊಂದು ಲೆಕ್ಕ ನೋಡಿ. 60×80 ಅಂದರೆ 4,800 ಚದರ ಅಡಿ, ಸುಮಾರು 446 ಚದರ ಮೀಟರ್. 2016ರ ರೇರಾ ಕಾಯ್ದೆಯ ಸೆಕ್ಷನ್ 3ರ ಪ್ರಕಾರ ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಫ್ಲಾಟ್‌ಗಳು 8 ದಾಟದಿದ್ದರೆ, ನೋಂದಣಿ ಬೇಡ. ಅಂದರೆ ಬಿಲ್ಡರ್ ಒಬ್ಬರು ಕೆಲಸ ಕಲಿಯುವ ವರ್ಷಗಳು, ಒಳ್ಳೆಯದೋ ಕೆಟ್ಟದ್ದೋ ಚಾಳಿ ಬೀಳುವ ವರ್ಷಗಳು, ಪೂರ್ತಿ ನಿಮ್ಮ ಲೆಕ್ಕದಿಂದ ಆಚೆ. ಒಸಿ ಇಲ್ಲದೆ ಮಾರಬಹುದು ಅನ್ನುವ ಪಾಠವನ್ನು ಆತ ಕಲಿತದ್ದೇ ಅಲ್ಲಿ. ಅದೇ ಬಿಲ್ಡರ್ ಹತ್ತು ವರ್ಷ ಬಿಟ್ಟು ಸರ್ಜಾಪುರ ರಸ್ತೆಯಲ್ಲೋ ಹೆಣ್ಣೂರಿನಲ್ಲೋ 200 ಫ್ಲಾಟ್‌ಗೆ ಅರ್ಜಿ ಹಾಕಿದಾಗ ನಿಮ್ಮ ಮುಂದೆ ಬರುವುದು ಹೊಚ್ಚ ಹೊಸ ಹೆಸರು, ಖಾಲಿ ಸ್ಲೇಟು.

ಹೊಸ ಹೆಸರು ಇಡುವುದೇ ಮೋಸ ಅಂತ ನಾನು ಅನ್ನುವುದಿಲ್ಲ. ಪ್ರಾಜೆಕ್ಟ್‌ಗೊಂದು ಕಂಪನಿ ಮಾಡಿ ಅಂತ ಸಾಲ ಕೊಡುವವರೇ ಎಷ್ಟೋ ಸಲ ಕೇಳುತ್ತಾರೆ. ಒಂದರ ನಷ್ಟ ಇನ್ನೊಂದಕ್ಕೆ ಹರಿಯಬಾರದು ಅನ್ನುವುದು ಅವರ ಲೆಕ್ಕ. ಪಾಲುದಾರರೂ ಪ್ರಾಜೆಕ್ಟ್‌ನಿಂದ ಪ್ರಾಜೆಕ್ಟ್‌ಗೆ ಬದಲಾಗುತ್ತಾರೆ. ಎಲ್ಲ ಸರಿ. ಆದರೆ ನಷ್ಟ ಹರಿಯದಂತೆ ಕಟ್ಟಿದ ಆ ಗೋಡೆ ಹಳೆಯ ಹೆಸರನ್ನೂ ಈಚೆಗೆ ಬರಲು ಬಿಡುವುದಿಲ್ಲ. ತೊಂದರೆ ಇರುವುದು ಇಲ್ಲಿ.

ಈಚೆಗೆ ಒಂದು ಭಾನುವಾರ ನಮ್ಮ ಮನೆಯ ಊಟದ ಟೇಬಲ್ ಮೇಲೆ ಮೂರು ಅಗ್ರಿಮೆಂಟ್‌ಗಳು ಒಟ್ಟಿಗೆ ಸೇರಿದ್ದವು. ಮೂರು ಕಡೆಯ ಪರಿಚಯದವರು, ಮೂರು ಬೇರೆ ಪ್ರಾಜೆಕ್ಟ್. ಒಂದರಲ್ಲಿ ಪಾಲುದಾರಿಕೆ ಫರ್ಮ್, ಇನ್ನೊಂದರಲ್ಲಿ ಪ್ರೈವೇಟ್ ಲಿಮಿಟೆಡ್, ಮೂರನೆಯದರಲ್ಲಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ). ಲೋಗೋ ಬೇರೆ, ಬಣ್ಣ ಬೇರೆ. ಸುಮ್ನೆ ಪುಟ ತಿರುವುತ್ತಿದ್ದವರ ಕಣ್ಣಿಗೆ ಬಿದ್ದದ್ದು ಮೊದಲ ಪುಟದಲ್ಲಿ "ಇವರ ಮಗ" ಅನ್ನುವ ಸಾಲು. ಮೂರರಲ್ಲೂ ತಂದೆಯ ಹೆಸರು ಒಂದೇ. ಮನೆ ನಂಬರು, ಕ್ರಾಸು, ಮೇನು ಒಂದೇ. ಪ್ರತಿ ಪುಟದ ಅಡಿಯಲ್ಲಿ ಹಸಿರು ಇಂಕಿನ ಸಹಿ, ಕೊನೆಯಲ್ಲಿ ಬಾಲದ ಹಾಗೆ ಎಳೆದ ಅದೇ ಗೆರೆ. ಮೊದಲ ಪ್ರಾಜೆಕ್ಟ್‌ನವರು ಹ್ಯಾಂಡೋವರ್ ಯಾವಾಗ ಅಂತ ಕೇಳಿ ಸುಸ್ತಾಗಿದ್ದರು. ಎರಡನೆಯವರಿಗೆ ದುಡ್ಡು ವಾಪಸ್ ಕೊಡಿ ಅಂತ ಆದೇಶ ಆಗಿತ್ತು, ದುಡ್ಡು ಬಂದಿರಲಿಲ್ಲ. ಮೂರನೆಯವರು ಇನ್ನೇನು ಚೆಕ್ ಬರೆಯುವುದರಲ್ಲಿದ್ದರು. ಒಂದೇ ಟೇಬಲ್ ಸುತ್ತ ಕೂತಿದ್ದಕ್ಕೆ ಅವರಿಗೆ ವಿಷಯ ತಿಳಿಯಿತು. ಎಲ್ಲರಿಗೂ ಅಂಥ ಟೇಬಲ್ ಸಿಗುತ್ತದಾ?

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಈ ಕಸುಬಿನಲ್ಲಿ ದುಡ್ಡು ತಿರುಗುವ ರೀತಿಯೇ ಹಾಗಿದೆ. ಒಂದು ಪ್ರಾಜೆಕ್ಟ್‌ನ ಬುಕಿಂಗ್ ದುಡ್ಡು ಮುಂದಿನ ಜಮೀನಿನ ಅಡ್ವಾನ್ಸ್‌ಗೆ ಹೋಗುತ್ತದೆ. ಆ ಜಮೀನಿನ ಪ್ರೀ-ಲಾಂಚ್ (ನೋಂದಣಿಗೂ ಮುಂಚಿನ ಬುಕಿಂಗ್) ದುಡ್ಡು ಹಿಂದಿನದರ ಸ್ಲ್ಯಾಬ್‌ಗೆ ಬರುತ್ತದೆ. ಮಾರ್ಕೆಟ್ ಏರುತ್ತಿರುವಷ್ಟು ದಿನ ಎಲ್ಲವೂ ಸುಸೂತ್ರ. ಮೋಸ ಮಾಡಬೇಕು ಅಂತ ಹೊರಟವರು ಕಡಿಮೆ ಅಂತಲೇ ನನ್ನ ಅಂದಾಜು. 2008ರಂಥ ವರ್ಷ ಬರುತ್ತದೆ, 2016ರ ನೋಟು ರದ್ದತಿ ಬರುತ್ತದೆ, 2020ರ ಲಾಕ್‌ಡೌನ್ ಬರುತ್ತದೆ. ಹೊಸ ಬುಕಿಂಗ್ ನಿಲ್ಲುತ್ತದೆ. ಆಗ ಯಾರು ಕೊನೆಗೆ ದುಡ್ಡು ಕಟ್ಟಿದರೋ ಅವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಇದಕ್ಕೆ ಕಡಿವಾಣ ಅಂತಲೇ ಕಾಯ್ದೆ ಕೊಳ್ಳುವವರ ದುಡ್ಡಿನ 70% ಪ್ರತ್ಯೇಕ ಖಾತೆಯಲ್ಲಿ ಇಡಬೇಕು ಅಂದಿತು. ಒಳ್ಳೆಯ ನಿಯಮ. ನೋಂದಣಿಗೆ ಮುಂಚೆ ಜಾಹೀರಾತು, ಬುಕಿಂಗ್ ಯಾವುದೂ ಕೂಡದು ಅಂದಿತು. ಅದೂ ಒಳ್ಳೆಯದೇ. ಆದರೆ "ಇಒಐ" (ಬರೀ ಆಸಕ್ತಿ ತೋರಿಸುವ ಪತ್ರ) ಅಂತ ಹೆಸರು ಬದಲಿಸಿ ಚೆಕ್ ಇಸಿದುಕೊಳ್ಳುವುದನ್ನು ಬೆಂಗಳೂರಿನಲ್ಲಿ ಕಾಣದವರು ಯಾರು? ಆ ದುಡ್ಡು ಯಾವ 70%ರ ಲೆಕ್ಕಕ್ಕೂ ಸಿಗುವುದಿಲ್ಲ. ಕೊಳ್ಳುವವರಿಗೆ ಆ ಹೊತ್ತಿನಲ್ಲಿ ಗೊತ್ತಿರಬೇಕಾದ ಮುಖ್ಯ ಸಂಗತಿ ಕ್ಲಬ್‌ಹೌಸ್‌ನ ಅಳತೆ ಅಲ್ಲ. ಈ ಬಿಲ್ಡರ್ ಈಗ ಒಟ್ಟು ಎಷ್ಟು ಪ್ರಾಜೆಕ್ಟ್ ಒಟ್ಟಿಗೆ ಓಡಿಸುತ್ತಿದ್ದಾರೆ, ಅದರಲ್ಲಿ ಎಷ್ಟು ತಡವಾಗಿವೆ ಅನ್ನುವುದು. ಎಲ್ಲ ಹೆಸರುಗಳನ್ನೂ ಒಂದೇ ಪುಟಕ್ಕೆ ತರದೆ ಆ ಲೆಕ್ಕ ಸಿಗುವುದಿಲ್ಲ.

ಹೆಸರು ಹರಡಿಹೋದರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರದಲ್ಲೊಂದು ದೊಡ್ಡ ಉದಾಹರಣೆ ಇದೆ. 2003ರಲ್ಲಿ ಶುರುವಾದ ಆಮ್ರಪಾಲಿ ಗುಂಪು. ಅನಿಲ್ ಶರ್ಮಾ ಅದರ ಮುಖ್ಯಸ್ಥ. ನೋಯ್ಡಾ, ಗ್ರೇಟರ್ ನೋಯ್ಡಾದಲ್ಲಿ ಸಾಲುಸಾಲು ಟವರ್‌ಗಳು, ಜಾಹೀರಾತಿಗೆ ಮಹೇಂದ್ರ ಸಿಂಗ್ ಧೋನಿ. ಸುಮಾರು 42,000 ಮಂದಿ ದುಡ್ಡು ಕಟ್ಟಿ ಕೂತರು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. ಕೋರ್ಟ್ ನೇಮಿಸಿದ ಲೆಕ್ಕ ಪರಿಶೋಧಕರು ಬಗೆದು ನೋಡಿದರೆ, ಮನೆ ಕೊಂಡವರ ದುಡ್ಡು ಬೇರೆ ಬೇರೆ ಕಂಪನಿಗಳಿಗೆ ಹರಿದಿತ್ತು. ಅವುಗಳಲ್ಲಿ ಕೆಲವು ಆಫೀಸ್ ಬಾಯ್, ಡ್ರೈವರ್‌ಗಳ ಹೆಸರಿನಲ್ಲಿದ್ದವು. 2019ರ ಜುಲೈ 23ರಂದು ಕೋರ್ಟ್ ಗುಂಪಿನ ರೇರಾ ನೋಂದಣಿ ರದ್ದು ಮಾಡಿ, ಬಾಕಿ ಕೆಲಸವನ್ನು ಕೇಂದ್ರ ಸರ್ಕಾರದ ನಿರ್ಮಾಣ ಕಂಪನಿ ಎನ್‌ಬಿಸಿಸಿಗೆ ವಹಿಸಿತು. ಒಬ್ಬ ಬಿಲ್ಡರ್‌ನ ಪೂರ್ತಿ ಕಥೆ ಹೊರಗೆ ಬರಲು ದೇಶದ ಅತಿ ದೊಡ್ಡ ಕೋರ್ಟೇ ಬೇಕಾಯಿತು. ಅಷ್ಟೊತ್ತಿಗೆ ಕೊಳ್ಳುವವರ ಅರ್ಧ ಆಯಸ್ಸು ಬಾಡಿಗೆ ಮತ್ತು ಇಎಂಐ ಎರಡನ್ನೂ ಕಟ್ಟುವುದರಲ್ಲಿ ಕಳೆದಿತ್ತು.

ಈಗ ಇನ್ನೊಂದು ಕಡೆ ನೋಡಿ. ಬೆಂಗಳೂರಿನ ಬಿಲ್ಡರ್‌ಗಳು ಷೇರು ಮಾರುಕಟ್ಟೆಗೆ ಹೋದಾಗ, ಅಂದರೆ 2006ರಲ್ಲಿ ಶೋಭಾ, 2007ರಲ್ಲಿ ಪೂರ್ವಾಂಕರ ಮತ್ತು ಬ್ರಿಗೇಡ್, 2010ರಲ್ಲಿ ಪ್ರೆಸ್ಟೀಜ್, ಪ್ರತಿಯೊಬ್ಬರೂ ಷೇರುಪೇಟೆ ನಿಯಂತ್ರಕ ಸೆಬಿಗೆ ದಪ್ಪ ಪುಸ್ತಕದಂಥ ಪ್ರಾಸ್ಪೆಕ್ಟಸ್ ಕೊಟ್ಟರು. ಯಾರಾದರೂ ಓದಬಹುದು. ಇವತ್ತು ಇಂಥ ಪ್ರಾಸ್ಪೆಕ್ಟಸ್ ತೆರೆದರೆ ಪ್ರಮೋಟರ್ (ಕಂಪನಿಯ ಹಿಂದಿರುವವರು) ಯಾರು, ಫೋಟೋ, ಓದಿದ್ದೆಷ್ಟು, ಇನ್ಯಾವ ಕಂಪನಿಗಳಲ್ಲಿದ್ದಾರೆ, ಅವರ ಮೇಲೆ ಯಾವ ಕೇಸಿದೆ, ಕಳೆದ 3 ವರ್ಷದಲ್ಲಿ ಯಾವ ಕಂಪನಿಯಿಂದ ಹೊರಬಂದರು, ಯಾಕೆ ಬಂದರು, ಎಲ್ಲ ಇರುತ್ತದೆ. ಸಣ್ಣ ಹೂಡಿಕೆದಾರ ಹಾಕುವ ಕನಿಷ್ಠ ಅರ್ಜಿ ಹದಿನೈದು ಸಾವಿರ ರೂಪಾಯಿ ಆಸುಪಾಸು. ಅಷ್ಟಕ್ಕೆ ಇಷ್ಟೆಲ್ಲ ಹೇಳಬೇಕು. ಜೀವಮಾನದ ಉಳಿತಾಯ, ಪಿಎಫ್, ಹೆಂಡತಿಯ ಒಡವೆ, ಇಪ್ಪತ್ತು ವರ್ಷದ ಸಾಲ ಸೇರಿಸಿ ಒಂದು ಕೋಟಿ ಹಾಕುವವನಿಗೆ ಮಾಡೆಲ್ ಫ್ಲಾಟ್‌ನಲ್ಲಿ ಒಂದು ಲೋಟ ಬಾದಾಮಿ ಹಾಲು!

ಇನ್ನು ಬ್ಯಾಂಕ್ ನಮ್ಮನ್ನು ನೋಡುವ ರೀತಿ ನಿಮಗೂ ಗೊತ್ತು. ಎಂದೋ ಒಂದು ಕ್ರೆಡಿಟ್ ಕಾರ್ಡ್ ಬಿಲ್ ತಡವಾಗಿ ಕಟ್ಟಿದ್ದರೆ, ಸಾಲದ ಇತಿಹಾಸ ಇಡುವ ಸಿಬಿಲ್‌ನಲ್ಲಿ ಅದು ಕೂತಿರುತ್ತದೆ. ಕೊಳ್ಳುವವರ ಜಾತಕ ಪೂರ್ತಿ ಬಿಡಿಸಿ ನೋಡಿಯೇ ಸಾಲ. ಮಾರುವವರ ಜಾತಕ ಕೇಳಿದರೆ "ನಮ್ಮ ಮೇಲೆ ನಂಬಿಕೆ ಇಡಿ ಸಾರ್" ಅಂತ ಉತ್ತರ.

ನೀವು ಕೇಳಬಹುದು, ಕಾಯ್ದೆಯಲ್ಲಿ ಈಗಾಗಲೇ ಇದೆಯಲ್ಲ ಅಂತ. ಇದೆ, ಅರ್ಧ ಇದೆ. ಸೆಕ್ಷನ್ 4ರ ಪ್ರಕಾರ ಅರ್ಜಿ ಜೊತೆ ಬಿಲ್ಡರ್ ಕಳೆದ 5 ವರ್ಷದಲ್ಲಿ ಶುರು ಮಾಡಿದ ಪ್ರಾಜೆಕ್ಟ್‌ಗಳು, ಅವುಗಳ ಸ್ಥಿತಿ, ವಿಳಂಬ, ಬಾಕಿ ಇರುವ ಕೇಸುಗಳ ವಿವರ ಕೊಡಬೇಕು. ಆ "5 ವರ್ಷ" ಅನ್ನುವುದನ್ನು ಸ್ವಲ್ಪ ಯೋಚಿಸಿ. ಆರು ವರ್ಷದ ಹಿಂದೆ ಶುರುವಾಗಿ ಇನ್ನೂ ಮುಗಿಯದ ಪ್ರಾಜೆಕ್ಟ್ ಈ ಪಟ್ಟಿಯಲ್ಲಿ ಬರಲೇಬೇಕು ಅಂತಿಲ್ಲ. ಹೆಚ್ಚು ತಡವಾದಷ್ಟೂ ಪಟ್ಟಿಯಿಂದ ಹೊರಗೆ! ಕೇಸುಗಳೂ ಹಾಗೇ. ಬಾಕಿ ಇರುವುದು ಮಾತ್ರ. ತೀರ್ಪಾಗಿ, ದುಡ್ಡು ಕೊಡದೆ ಕೂತಿರುವ ಕೇಸು "ಬಾಕಿ" ಅಲ್ಲ ಅಂತ ವಾದ ಮಾಡಬಹುದು. ಜೊತೆಗೆ 2017ರಲ್ಲಿ ನಮ್ಮ ರಾಜ್ಯದ ನಿಯಮಗಳು ಬಂದಾಗ, ಅರೆಬರೆ ಮುಗಿದಿದ್ದ ಎಷ್ಟೋ ಹಳೆಯ ಪ್ರಾಜೆಕ್ಟ್‌ಗಳಿಗೆ ನೋಂದಣಿಯಿಂದ ವಿನಾಯಿತಿ ಸಿಕ್ಕಿತು. ಅವುಗಳ ಕಥೆಯೂ ನಿಮ್ಮ ಕಡತದಲ್ಲಿಲ್ಲ. ಇಷ್ಟರ ಮೇಲೆ ಅರ್ಜಿ ಬಂದ 30 ದಿನದಲ್ಲಿ ನೀವು ತೀರ್ಮಾನ ಮಾಡದಿದ್ದರೆ ನೋಂದಣಿ ಆದಂತೆಯೇ ಲೆಕ್ಕ. ನಿಮ್ಮ ಸಿಬ್ಬಂದಿಯ ಕಷ್ಟವೂ ನಮಗೆ ಅರ್ಥವಾಗುತ್ತದೆ.

ಆದರೆ ಅದೇ ಕಾಯ್ದೆ ನಿಮ್ಮ ಕೈಗೆ ಬೇರೆ ಅಸ್ತ್ರಗಳನ್ನೂ ಕೊಟ್ಟಿದೆ. ಸೆಕ್ಷನ್ 34ರಲ್ಲಿ, ನೋಂದಣಿ ರದ್ದಾದ ಅಥವಾ ದಂಡ ಬಿದ್ದ ಬಿಲ್ಡರ್‌ಗಳನ್ನು ಸುಸ್ತಿದಾರರು ಅಂತ ಹೆಸರು, ಫೋಟೋ ಸಮೇತ, ಕಾರಣ ಸಮೇತ ಜನರಿಗೆ ಕಾಣುವಂತೆ ಜಾಲತಾಣದಲ್ಲಿ ಇಡಬೇಕು ಅಂತಿದೆ. ಕಂಪನಿಯ ಲೋಗೋ ಅಲ್ಲ, ಫೋಟೋ. ಅಂದರೆ ಕಾಯ್ದೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಮನುಷ್ಯರೇ. ಸೆಕ್ಷನ್ 32ರಲ್ಲಿ ಪ್ರಾಜೆಕ್ಟ್‌ಗಳಿಗೆ ಮಾತ್ರವಲ್ಲ, ಪ್ರಮೋಟರ್‌ಗಳಿಗೂ, ಅಂದರೆ ಬಿಲ್ಡರ್‌ಗಳಿಗೂ, ಗ್ರೇಡಿಂಗ್ ತರುವ ಬಗ್ಗೆ ನೀವು ಸರ್ಕಾರಕ್ಕೆ ಶಿಫಾರಸು ಮಾಡಬಹುದು. ಸೆಕ್ಷನ್ 11ರಲ್ಲಿ, ಬಿಲ್ಡರ್ ತನ್ನ ಪುಟದಲ್ಲಿ ಹಾಕಬೇಕಾದ ವಿವರಗಳ ಪಟ್ಟಿ ಕೊಟ್ಟು, ಪ್ರಾಧಿಕಾರ ತನ್ನ ನಿಬಂಧನೆಗಳಲ್ಲಿ ಹೇಳುವ ಇತರ ಮಾಹಿತಿಯನ್ನೂ ಹಾಕಬೇಕು ಅಂತ ಸೇರಿಸಿದ್ದಾರೆ. ಬಾಗಿಲು ತೆರೆದೇ ಇದೆ.

ಬಿಲ್ಡರ್‌ಗಳ ಸಂಘದವರು ಏನು ಹೇಳಬಹುದು ಅಂತಲೂ ಊಹಿಸಬಲ್ಲೆ. ತಡವಾಗುವುದೆಲ್ಲ ನಮ್ಮ ತಪ್ಪಲ್ಲ ಅನ್ನುತ್ತಾರೆ. ನಿಜ. ಪ್ಲಾನ್ ಸ್ಯಾಂಕ್ಷನ್, ಫೈರ್ ಎನ್‌ಒಸಿ, ಮಾಲಿನ್ಯ ನಿಯಂತ್ರಣ ಮಂಡಳಿ, ಜಲಮಂಡಳಿ, ಬೆಸ್ಕಾಂ, ಎತ್ತರದ ಕಟ್ಟಡವಾದರೆ ವಿಮಾನ ನಿಲ್ದಾಣದವರ ಅನುಮತಿ. ಒಂದೊಂದು ಟೇಬಲ್‌ನಲ್ಲೂ ಫೈಲ್ ಎಷ್ಟು ದಿನ ಮಲಗುತ್ತದೆ ಅಂತ ಅವರಿಗೇ ಗೊತ್ತು. ಜಮೀನಿನವರ ಅಣ್ಣತಮ್ಮಂದಿರು ಮಧ್ಯದಲ್ಲಿ ಪಾಲಿನ ದಾವೆ ಹೂಡಿದರೆ ಮುಗಿಯಿತು. 2020ರಲ್ಲಿ ಕೂಲಿಯವರೆಲ್ಲ ಊರಿಗೆ ಹೋದರು, ಸರ್ಕಾರಗಳೇ ಗಡುವು ವಿಸ್ತರಿಸಿದವು. ಅದಕ್ಕೇ ಪುಟದಲ್ಲಿ ವಿಳಂಬದ ಪಕ್ಕ ಕಾರಣದ ಜಾಗವೂ ಇರಲಿ. ಬಿಲ್ಡರ್ ತಮ್ಮ ಮಾತು ಬರೆಯಲಿ. ಓದುವವರು ದಡ್ಡರಲ್ಲ. ಆರು ಕಟ್ಟಡಗಳಲ್ಲಿ ಒಂದು ತಡವಾದರೆ ಒಪ್ಪುತ್ತಾರೆ. ಆರಕ್ಕೆ ಐದು ತಡವಾಗಿ, ಐದಕ್ಕೂ ಮಳೆಯೇ ಕಾರಣ ಅಂದರೆ ನಗುತ್ತಾರೆ. ಸರಿಯಾಗಿ ಕಟ್ಟಿ, ಒಸಿ ಕೊಟ್ಟು, ಸಂಘಕ್ಕೆ ಲೆಕ್ಕ ಒಪ್ಪಿಸಿ ಹೋದ ಬಿಲ್ಡರ್‌ಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ದೊಡ್ಡ ಹೋರ್ಡಿಂಗ್ ಹಾಕಲು ದುಡ್ಡಿಲ್ಲದ ಅಂಥವರಿಗೆ ಈ ಪುಟವೇ ಹೋರ್ಡಿಂಗ್ ಆಗುತ್ತದೆ. ಲಾಭ ಮೊದಲು ಅವರಿಗೇ.

ಒಸಿ ವಿಷಯ ಒಂದನ್ನು ಬಿಡಿಸಿ ಹೇಳಬೇಕು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಸಿ ಅಥವಾ ಸಿಸಿ (ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ) ನೋಡಿಯೇ ಕರೆಂಟ್, ನೀರಿನ ಸಂಪರ್ಕ ಕೊಡಬೇಕು ಅಂದಿದೆ. ಮೊದಲೆಲ್ಲ ಒಸಿ ಇಲ್ಲದಿದ್ದರೆ ಖಾತಾ ಕಿರಿಕಿರಿ, ಟ್ಯಾಂಕರ್ ನೀರು, ಹೇಗೋ ನಡೆಯುತ್ತಿತ್ತು. ಈಗ ಮನೆಯೊಳಗೆ ಕಾಲಿಡುವುದಕ್ಕೇ ತೊಂದರೆ. ಹಾಗಾಗಿ ಈ ಬಿಲ್ಡರ್ ಹಿಂದೆ ಎಷ್ಟು ಕಟ್ಟಡಗಳಿಗೆ ಒಸಿ ತಂದಿದ್ದಾರೆ ಅನ್ನುವುದು ಇನ್ನು ಮೇಲೆ ಕುತೂಹಲದ ಪ್ರಶ್ನೆ ಅಲ್ಲ.

ನಾವು ಕೇಳುವ ಪುಟ ಹೀಗಿರಲಿ. ನಿರ್ದೇಶಕರಿಗೂ ಎಲ್‌ಎಲ್‌ಪಿಯ ನಿಯೋಜಿತ ಪಾಲುದಾರರಿಗೂ ಕೇಂದ್ರ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ ಇದ್ದೇ ಇದೆ. ಅದನ್ನೇ ಹಿಡಿದು ಆ ವ್ಯಕ್ತಿಯ ಎಲ್ಲ ಪ್ರಾಜೆಕ್ಟ್‌ಗಳನ್ನು ಜೋಡಿಸಿ. ಪಾಲುದಾರಿಕೆ ಫರ್ಮ್‌ನವರು, ಒಂಟಿ ಮಾಲೀಕರು ಪ್ಯಾನ್ ಮೂಲಕ ಸೇರಲಿ. ಪ್ಯಾನ್ ನಂಬರ್ ಜನರಿಗೆ ತೋರಿಸಬೇಕಾಗಿಲ್ಲ, ನಿಮ್ಮ ಕಂಪ್ಯೂಟರ್‌ಗೆ ಗೊತ್ತಿದ್ದರೆ ಸಾಕು. 5 ವರ್ಷದ ಮಿತಿ ತೆಗೆದು, ಮುಗಿಯದ ಪ್ರಾಜೆಕ್ಟ್ ಎಷ್ಟೇ ಹಳೆಯದಾದರೂ ಪಟ್ಟಿಯಲ್ಲಿ ಇರಲಿ. ನೋಂದಣಿ ಬೇಡದ ಸಣ್ಣ ಕಟ್ಟಡಗಳನ್ನೂ ದೊಡ್ಡ ಪ್ರಾಜೆಕ್ಟ್‌ಗೆ ಅರ್ಜಿ ಹಾಕುವಾಗ ಪ್ರಮಾಣಪತ್ರದಲ್ಲಿ ಬರೆಯಿಸಿಕೊಳ್ಳಿ. ದುಡ್ಡು ವಾಪಸ್ ಕೊಡಲು ನೀವು ಮಾಡಿದ ಆದೇಶಗಳಲ್ಲಿ ಎಷ್ಟು ಪಾಲನೆಯಾಗಿವೆ, ಎಷ್ಟು ಭೂಕಂದಾಯ ಬಾಕಿಯ ಥರ ವಸೂಲಿಗೆ ತಹಶೀಲ್ದಾರರ ಬಳಿ ಹೋಗಿವೆ ಅನ್ನುವುದೂ ಅದೇ ಪುಟದಲ್ಲಿ ಕಾಣಲಿ. ಎಲ್ಲವೂ ಕನ್ನಡದಲ್ಲೂ ಇರಲಿ. ಮಗನ ಫ್ಲಾಟ್‌ಗೆ ಊರಿನ ಜಮೀನು ಮಾರಿ ದುಡ್ಡು ಕೊಡುವ ತಂದೆಯೂ ಅದನ್ನು ಓದಬೇಕಲ್ಲ.

ನಿಮ್ಮಿಂದ ಒಂದು ಉತ್ತರ ಬೇಕು. ಇದಕ್ಕೆ ಪ್ರಾಧಿಕಾರದ ನಿಬಂಧನೆ ಸಾಕಾ, ರಾಜ್ಯದ ನಿಯಮ ಬದಲಾಗಬೇಕಾ, ಅಥವಾ ಕಾಯ್ದೆಗೇ ತಿದ್ದುಪಡಿ ಬೇಕಾ? ತಿದ್ದುಪಡಿ ಬೇಕು ಅಂದರೆ ನಾವು ಸಂಸದರ ಬಾಗಿಲಿಗೆ ಹೋಗುತ್ತೇವೆ, ನಿಯಮ ಅಂದರೆ ವಸತಿ ಸಚಿವರ ಬಾಗಿಲಿಗೆ. ನಿಬಂಧನೆ ಸಾಕು ಅಂದರೆ ಕರಡನ್ನು ಯಾವ ತಿಂಗಳು ಹೊರಡಿಸುತ್ತೀರಿ ಅಂತ ತಿಳಿಸಿ. ಆಕ್ಷೇಪಣೆ, ಸಲಹೆ ಕೊಡಲು ನಮ್ಮಂಥ ಸಂಘಗಳಿಗೂ ಒಂದು ತಿಂಗಳು ಸಮಯ ಇರಲಿ.

ಇಂತಿ,
ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಒಬ್ಬ ಸದಸ್ಯ
ಬೆಂಗಳೂರು